ಬದಲಿ ದನಿ

ತಂಗಿ ನಮ್ಮ ಫೋನಿನ ಗುಂಪಿನಲ್ಲಿ, "ಇದು ಯಾರ ಕೆಲಸ? ಯಾರಿದ್ರೂ ಹೇಳ್ರಿ, ನಾ ಏನೂ ಅನ್ನಂಗಿಲ್ಲ" ಎಂದು ಕೇಳಿದಾಗ ನಾನು "ನಂದು" ಎನ್ನಬೇಕಿತ್ತು. ಅನ್ನಲಿಲ್ಲ. ಫೋನಿಗೆ ಮಾತಾಡಿಯೇ ದುಡಿಯುತ್ತಿದ್ದವಳು ನಾನು. ಆ ಒಂದು ಮಾತು ಮಾತ್ರ ಆಡಲಿಲ್ಲ.

ಅದರಿಂದ ತಪ್ಪಿಲ್ಲದ ಇಬ್ಬರು ಹೆಣ್ಣುಮಕ್ಕಳನ್ನು ಕೆಲಸದಿಂದ ತೆಗೆದರು. ಒಬ್ಬಳು ನಾನೇ ಎತ್ತಿ ಆಡಿಸಿದ ನನ್ನ ತಂಗಿ. ಇನ್ನೊಬ್ಬಳು ವನದುರ್ಗದವಳು. ಅವಳ ಮುಖವನ್ನು ನಾನು ಈ ಹೊತ್ತಿನವರೆಗೂ ನೋಡಿಲ್ಲ. ದನಿ ಮಾತ್ರ ಗೊತ್ತು.

ತಂಗಿ ಹುಟ್ಟಿದಾಗ ನಾನು ಐದನೇ ತರಗತಿಯಲ್ಲಿದ್ದೆ. ಅವ್ವ ಕೂಲಿಗೆ ಹೋಗಬೇಕಿತ್ತು, ಕೂಸನ್ನು ಹಿಡಿಯಲು ಯಾರೂ ಇರಲಿಲ್ಲ. ನಾನು ಶಾಲೆ ಬಿಟ್ಟೆ. ಅದನ್ನು ಯಾರೂ ದೊಡ್ಡ ಮಾತು ಮಾಡಲಿಲ್ಲ, ನಾನೂ ಮಾಡಲಿಲ್ಲ. ಅವಳು ಬೆಳೆದು ಅದೇ ಶಾಲೆಗೆ ಹೋದಳು, ಆಮೇಲೆ ಕಾಲೇಜಿಗೂ ಹೋದಳು. ಮದುವೆಯಾಗಿ ಶಹಾಪುರದಲ್ಲಿ ನಿಂತಳು. ನಾನು ಸುರಪುರದಲ್ಲಿ, ಗುಡ್ಡದ ಕೆಳಗಿನ ಓಣಿಯಲ್ಲಿ ಇದ್ದೇನೆ. ಗಂಡ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾನೆ. ನಾನು ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋಗುತ್ತಿದ್ದೆ.

ಸೊಂಟ ಹಿಡಿದುಕೊಂಡು ಹೊಲದ ಕೆಲಸ ಆಗದೆ ಕುಳಿತಿದ್ದಾಗ ತಂಗಿ ಈ ಕೆಲಸ ತಂದಳು. ದೂರದ ಯಾವುದೋ ಕಂಪನಿಗೆ ನಮ್ಮ ಕಡೆಯ ಜನ ಮಾತಾಡುವ ಕನ್ನಡ ಬೇಕಾಗಿತ್ತಂತೆ. ಫೋನಿನಲ್ಲಿ ಒಂದು ಚಿತ್ರ ಬರುತ್ತದೆ, ಅದನ್ನು ನೋಡಿ ನಮ್ಮ ಮಾತಿನಲ್ಲಿ ಏನಾದರೂ ಹೇಳಬೇಕು. ಅದು ದನಿಯಾಗಿ ನೇರ ಕಂಪನಿಗೆ ಹೋಗುತ್ತದೆ, ನಡುವೆ ಯಾರಿಗೂ ಕೇಳಿಸುವುದಿಲ್ಲ. ಯಂತ್ರಕ್ಕೆ ನಮ್ಮ ಮಾತು ಕಲಿಸುತ್ತಾರೆ ಎಂದು ತಂಗಿ ಹೇಳಿದಳು. ಅವಳು ಗುಂಪಿನ ಮುಂದಾಳು. ಶಹಾಪುರ, ಸುರಪುರ, ಯಾದಗಿರಿ, ಸುತ್ತಲಿನ ಹಳ್ಳಿಗಳ ಹತ್ತು ಹನ್ನೆರಡು ಹೆಂಗಸರು ನಾವು. ಎಲ್ಲರೂ ಅವರವರ ಮನೆಯಲ್ಲೇ. ಒಬ್ಬರು ಇನ್ನೊಬ್ಬರನ್ನು ಕಂಡವರಲ್ಲ.

ಶುರುವಿನಲ್ಲಿ ನಾನೇ ಎಲ್ಲರಿಗಿಂತ ಮುಂದಿದ್ದೆ. ಬಾವಿಯ ಚಿತ್ರ ಬಂದರೆ ಬಾವಿಯ ಬಗ್ಗೆ, ಎತ್ತಿನ ಚಿತ್ರ ಬಂದರೆ ಎತ್ತಿನ ಬಗ್ಗೆ ಬಾಯಿಗೆ ಬಂದಂತೆ ಹೇಳಿಬಿಡುತ್ತಿದ್ದೆ. ಜೋಳದ ಚೀಲಗಳ ಹಿಂದಿನ ಮೂಲೆಯಲ್ಲಿ ಕುಳಿತು, ಹೊರಗಿನ ಸದ್ದು ಕೇಳಬಾರದೆಂದು ತಲೆಯ ಮೇಲೆ ಕೌದಿ ಹೊದ್ದುಕೊಂಡು ಮಾತಾಡುತ್ತಿದ್ದೆ. ಆದರೂ ನಮ್ಮ ಕೋಳಿಯ ಕೂಗು ಒಳಗೆ ಬಂದುಬಿಡುತ್ತಿತ್ತು.

"ಸುರಪುರದ ಅಕ್ಕಾರ, ನಿಮ್ಮ ಕೋಳಿಗೂ ಪಗಾರ ಕೊಡಬೇಕೇನ್ರಿ?" ಎಂದು ಯಾದಗಿರಿಯವಳು ಗುಂಪಿನಲ್ಲಿ ದನಿ ಕಳಿಸುತ್ತಿದ್ದಳು. ಅವಳ ಮನೆ ಸ್ಟೇಷನ್ ಹತ್ತಿರ.

"ನಿನ್ನ ರೈಲಿಗೆ ಕೊಟ್ಟ ಮ್ಯಾಲ ನನ್ನ ಕೋಳಿಗೆ ಕೊಡ್ಲಿ ಬಿಡವ್ವಾ" ಎಂದು ನಾನು ಕಳಿಸುತ್ತಿದ್ದೆ.

ವನದುರ್ಗದವಳು ಆಗ ಸಣ್ಣಗೆ ನಗುತ್ತಿದ್ದಳು. ಚಿಕ್ಕ ಪ್ರಾಯದ ಬಾಣಂತಿ ಅವಳು. ತುಂಬಿದ ಮನೆ, ಸದ್ದಿಲ್ಲದ ಜಾಗವೇ ಇಲ್ಲ. ಕೂಸು ಮಲಗಿದ ಹೊತ್ತು ನೋಡಿ ಕೋಟೆ ಗೋಡೆಯ ಬುಡಕ್ಕೆ ಹೋಗಿ ಕುಳಿತು ಮಾತಾಡಿ ಬರುತ್ತಿದ್ದಳು. ಅವಳ ದನಿಯ ಹಿಂದೆ ಗಾಳಿ ಇರುತ್ತಿತ್ತು. "ಏ ಗಾಳೆವ್ವಾ" ಎಂದು ನಾವು ಅವಳನ್ನು ಕಾಡಿಸುತ್ತಿದ್ದೆವು.

ದಿನ ಮುಂಜಾನೆ ತಂಗಿಯ ದನಿ ಬರುತ್ತಿತ್ತು. ಅವಳು ಹೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ ಮಾತು. "ಹಿಂದ ಬಿದ್ರ ಹೇಳ್ರಿ. ತಿಳೀಲಿಲ್ಲಂದ್ರ ಹೇಳ್ರಿ. ಹೊಲದಾಗಾದ್ರ ಯಾರ ಸಾಲು ಹಿಂದ ಉಳದದ ಅಂತ ಕಣ್ಣಿಗೆ ಕಾಣ್ತದ. ಇಲ್ಲಿ ನೀವು ಬಾಯಿ ಬಿಟ್ರ ಮಾತ್ರ ನನಗ ಕಾಣ್ತೀರಿ. ಸುಮ್ನ ಕುಂತು ಒಳಗೊಳಗ ಒದ್ದಾಡಬ್ಯಾಡ್ರಿ."

ಹತ್ತಿ ಬಿಡಿಸುವಾಗ ಒಬ್ಬಳ ಸಾಲು ಹಿಂದೆ ಉಳಿದರೆ, ಮುಂದೆ ಹೋದವರು ತಮ್ಮ ಸಾಲು ಮುಗಿಸಿ ತಿರುಗಿ ಬಂದು ಅವಳ ಸಾಲಿಗೆ ಕೈ ಹಾಕುತ್ತಾರೆ. ತಂಗಿಗೆ ಇಲ್ಲಿಯೂ ಹಾಗೇ ಆಗಬೇಕಿತ್ತು. ಒಬ್ಬಳಿಗೆ ಆಗದಿದ್ದರೆ ಅವಳ ಪಾಲನ್ನು ಉಳಿದವರಿಗೆ ಅವರವರ ಹೆಸರಿಗೇ ಹಂಚಿಕೊಡುತ್ತಿದ್ದಳು. ಕೂಸಿಗೆ ಜ್ವರ ಬಂದಾಗ ವನದುರ್ಗದವಳು ಒಂದು ಮಾತು ಹೇಳಿದ್ದಳು, ಯಾದಗಿರಿಯವಳು ಅವಳ ಪಾಲು ತೆಗೆದುಕೊಂಡಿದ್ದಳು. ಅಷ್ಟು ಸುಲಭವಿತ್ತು. ಅದನ್ನು ನೋಡಿಯೂ ನಾನು ಕಲಿಯಲಿಲ್ಲ.

ಹತ್ತಿಯ ಕಾಲಕ್ಕೆ ಚಿತ್ರಗಳು ನಿಂತವು. ಅವುಗಳ ಬದಲು ಬರಹ ಬರತೊಡಗಿತು. ಫೋನಿನಲ್ಲಿ ಒಂದು ಸಾಲು ಇರುತ್ತದೆ, ಅದನ್ನು ಇದ್ದಂತೆ ಓದಬೇಕು, ತಡೆಯಬಾರದು. ಉದ್ದುದ್ದ ಪದಗಳು, ಒಂದರ ಕೆಳಗೆ ಒಂದು ಅಕ್ಷರ ಕಟ್ಟಿಕೊಂಡವು. ನಾನು ಬೆರಳಿಟ್ಟು ಓದುವವಳು. ಮೊದಲ ಪದ ಮುಗಿಸುವಷ್ಟರಲ್ಲಿ ಫೋನು ತಾನೇ ನಿಂತುಬಿಡುತ್ತಿತ್ತು. ಮತ್ತೆ ಒತ್ತಿದರೆ ಮತ್ತೆ ಅದೇ. ಕೌದಿಯೊಳಗೆ ಬೆವರು ಹರಿಯುತ್ತಿತ್ತು. ಉಳಿದವರೆಲ್ಲ ಸಂಜೆಯ ಹೊತ್ತಿಗೆ "ಮುಗೀತ್ರಿ" ಎನ್ನುತ್ತಿದ್ದರು. ನಾನೂ "ಮುಗೀಲಾಕ ಬಂತು" ಎನ್ನುತ್ತಿದ್ದೆ. ಮುಗಿಯುವುದಿರಲಿ, ಶುರುವೇ ಆಗಿರುತ್ತಿರಲಿಲ್ಲ.

ತಂಗಿಗೆ ಹೇಳಬಹುದಿತ್ತು. ಬೇರೆ ಯಾರಾದರೂ ಮುಂದಾಳು ಆಗಿದ್ದರೆ ಹೇಳುತ್ತಿದ್ದೆನೋ ಏನೋ. ನನ್ನ ಸೊಂಟದ ಮೇಲೆ ಕುಳಿತು ಬೆಳೆದವಳ ಮುಂದೆ "ನನಗ ಓದಾಕ ಬರಂಗಿಲ್ಲ" ಎನ್ನಲು ನನಗೆ ಆಗಲಿಲ್ಲ. ಅವಳಿಗೆ ಅದು ಗೊತ್ತಿರಲಿಲ್ಲ ಎಂದಲ್ಲ. ಆದರೆ ಗೊತ್ತಿರುವುದು ಬೇರೆ, ನನ್ನ ಬಾಯಿಂದ ಕೇಳುವುದು ಬೇರೆ ಎಂದು ನನಗೆ ಅನಿಸುತ್ತಿತ್ತು. ಇನ್ನೂ ಒಂದು ಮಾತು ಇದೆ, ಅದನ್ನೂ ಹೇಳಿಬಿಡುತ್ತೇನೆ. ಅವಳು ಓದಿದ್ದು ನಾನು ಬಿಟ್ಟ ಶಾಲೆಯಲ್ಲಿ ಎಂಬ ಹೊಟ್ಟೆಕಿಚ್ಚು ನನ್ನೊಳಗೆ ಎಲ್ಲೋ ಇತ್ತು.

ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಇದ್ದಳು. ಹತ್ತನೇ ತರಗತಿ ಮುಗಿಸಿದವಳು. ನನ್ನನ್ನು ಚಿಗವ್ವ ಎನ್ನುತ್ತಿದ್ದಳು. ಒಂದು ದಿನ ಹಿಟ್ಟು ಕೇಳಲು ಬಂದವಳು ಕೌದಿಯೊಳಗಿನ ನನ್ನ ಒದ್ದಾಟ ಕೇಳಿಸಿಕೊಂಡು ನಕ್ಕಳು.

"ಏನ್ ಚಿಗವ್ವಾ, ಒಳಗ ಅಳಾಕತ್ತಿಯೋ ಓದಾಕತ್ತಿಯೋ?"

"ಎರಡೂ ಅದ. ನಿನಗ ಬರ್ತದೇನ ಇದು?"

ಅವಳು ಫೋನು ತೆಗೆದುಕೊಂಡು ಸಾಲನ್ನು ನೀರು ಕುಡಿದಂತೆ ಓದಿಬಿಟ್ಟಳು. ನಾನು ಒತ್ತಿದೆ, ಅದು ಹೋಯಿತು.

"ನಿನ್ನ ಹೆಸರಿಲೆ ಹೋತಲ್ಲ ಚಿಗವ್ವಾ, ನಡೀತದೇನ?"

"ನಡೀತದ. ನನ್ನ ಬದಲಿ ನೀ."

"ಹಂಗಾದ್ರ ನನ್ನ ಬದಲಿ ನೀ ರೊಟ್ಟಿ ಬಡಿ. ನಮ್ಮತ್ತಿ ನನ್ನ ರೊಟ್ಟಿ ನೋಡಿ ದಿನಾ ಬೈತಾಳ."

ಇದರಲ್ಲಿ ತಪ್ಪು ಕಾಣುವವರು ನಮ್ಮ ಕಡೆಯ ಹೊಲಕ್ಕೆ ಇಳಿದವರಲ್ಲ. ಕೂಲಿಗೆ ಒಪ್ಪಿಕೊಂಡವಳಿಗೆ ಆಗದಿದ್ದರೆ ಬದಲಿ ಆಳು ಕಳಿಸುತ್ತಾಳೆ. ಓರಗಿತ್ತಿಯನ್ನೋ ಮಗಳನ್ನೋ ನೆರೆಯವಳನ್ನೋ ಕಳಿಸುತ್ತಾಳೆ. ಅದು ಮಾತು ಉಳಿಸಿಕೊಂಡ ಹಾಗೆ. ಯಾರನ್ನೂ ಕಳಿಸದೆ ಇರುವುದೇ ತಪ್ಪು. ಬದಲಿಗೆ ಬಂದವಳ ಋಣವನ್ನು ಇನ್ನೊಂದು ದಿನ ನಾವು ಅವಳ ಕೆಲಸ ಮಾಡಿ ತೀರಿಸುತ್ತೇವೆ. ನಮ್ಮವ್ವ ಹಾಗೇ ಬದುಕಿದಳು. ಒಬ್ಬೊಬ್ಬರ ದನಿಯೂ ಅವರದೇ ಇರಬೇಕು, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮಾತಾಡಿದರೆ ಯಂತ್ರ ಕಲಿಯುವುದು ಕೆಡುತ್ತದೆ ಎಂದು ತಂಗಿ ಶುರುವಿನಲ್ಲೇ ಹೇಳಿದ್ದಳು. ಅದು ನನ್ನ ತಲೆಯಲ್ಲಿ ಉಳಿದಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಮೊದಲ ದಿನಕ್ಕೆ ಆ ಮಾತು ನಿಜವಿರಬಹುದು. ಎರಡನೆಯ ದಿನ ಪಕ್ಕದ ಸೊಸೆ ಬಂದಾಗ ನಾನು ಎದ್ದು ಬಾಗಿಲು ಹಾಕಿದೆ. ತಪ್ಪು ಎಂದು ಗೊತ್ತಿಲ್ಲದವರು ಬಾಗಿಲು ಹಾಕುವುದಿಲ್ಲ.

ಹೀಗೆ ಕೆಲವು ವಾರ ನಡೆಯಿತು. ಅವಳು ನನ್ನ ಮೂಲೆಯಲ್ಲಿ ಕುಳಿತು ಓದುತ್ತಿದ್ದಳು, ನಾನು ಅವಳ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದೆ. ಅವಳ ಅತ್ತೆ ಒಂದು ದಿನ ತಾಟಿನ ಮುಂದೆ ಕುಳಿತು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇದು ನಮ್ಮ ಹುಡಿಗಿ ಕೈಯಲ್ಲ. ಯಾರ ಕೈ ಇದು?" ಎಂದಳು. ನಾವಿಬ್ಬರೂ ನಕ್ಕು ಒಪ್ಪಿಕೊಂಡೆವು. ರೊಟ್ಟಿಯಲ್ಲಿ ಕೈ ಬದಲಾದದ್ದು ಗೊತ್ತಾಗುತ್ತದೆ ಎಂದು ಕಣ್ಣಾರೆ ಕಂಡಮೇಲೂ ದನಿ ಬದಲಾದದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಆಮೇಲೆ ತಂಗಿಯ ಆ ಮಾತು ಬಂತು. ನಮ್ಮ ಗುಂಪಿನಲ್ಲಿ ಒಬ್ಬರ ಹೆಸರಿನಲ್ಲಿ ಎರಡು ದನಿ ಇವೆ, ದನಿ ಪರೀಕ್ಷಿಸುವವರಿಗೆ ಹೆಸರು ಕಾಣುವುದಿಲ್ಲ, ಯಾರೆಂದು ನೀವೇ ವಿಚಾರಿಸಿ ಹೇಳಿ ಎಂದು ಮೇಲಿನವರು ಅವಳಿಗೆ ಹೇಳಿದ್ದರು. "ಇವತ್ತ ಹೇಳಿದ್ರ ಅವಷ್ಟ ತಗದು ಹಾಕಿ ಉಳದದ್ದು ಉಳಸ್ತೀನಿ. ತಪ್ಪು ಆಗ್ತದ್ರಿ, ಹೇಳಿಬಿಡ್ರಿ" ಎಂದು ತಂಗಿ ಕೇಳಿಕೊಂಡಳು. ಒಬ್ಬೊಬ್ಬರಾಗಿ ದನಿ ಕಳಿಸಿದರು. "ನಂದಲ್ರಿ." "ನಮ್ಮ ಮನ್ಯಾಗ ಫೋನ್ ಯಾರೂ ಮುಟ್ಟಂಗಿಲ್ರಿ." ವನದುರ್ಗದವಳೂ ಹೇಳಿದಳು. ನಾನು ಕೈಯಲ್ಲಿ ಫೋನು ಹಿಡಿದುಕೊಂಡು ಕುಳಿತೆ. ಕೊನೆಗೆ ಏನೂ ಹೇಳದೆ ಅದನ್ನು ಜೋಳದ ಚೀಲದ ಮೇಲೆ ಬೋರಲು ಹಾಕಿದೆ.

ನಾನು ಉತ್ತರ ಕೊಟ್ಟಿಲ್ಲ ಎಂಬುದು ತಂಗಿಯ ಮನಸ್ಸಿಗೂ ಬರಲಿಲ್ಲ. ಅಕ್ಕನನ್ನು ಅವಳು ಎಣಿಕೆಗೇ ತೆಗೆದುಕೊಂಡಿರಲಿಲ್ಲ. ಮಧ್ಯಾಹ್ನ ನನಗೇ ಫೋನು ಮಾಡಿದಳು. ದನಿ ಸೋತಿತ್ತು.

"ಅಕ್ಕಾ, ಯಾರೂ ಒಪ್ಪವಲ್ರು. ಮ್ಯಾಲಿನವ್ರು ಸಂಜಿಕ್ಕ ಹೆಸರು ಕೇಳ್ಯಾರ. ನಿನಗ ಯಾರ ಮ್ಯಾಲ ಅನುಮಾನ ಅದ?"

ಆಗಲೂ ಹೇಳಬಹುದಿತ್ತು. ಅವಳೊಬ್ಬಳೇ ಕೇಳುತ್ತಿದ್ದಳು, ಬೇರೆ ಯಾರೂ ಇರಲಿಲ್ಲ. ನಾನು ಹೇಳಿದ್ದು ಇದು:

"ವನದುರ್ಗದಾಕಿ ದನಿ ಮೊನ್ನಿ ಬ್ಯಾರೆ ಕೇಳಿಸ್ತವ್ವಾ. ಮನಿ ತುಂಬ ಹೆಂಗಸರು ಆಕಿಗಿ. ಯಾರರೆ ಮಾತಾಡಿರಬೇಕು."

ಅವಳಿಗೆ ನೆಗಡಿಯಾಗಿತ್ತು. ಅದು ನನಗೆ ಗೊತ್ತಿತ್ತು. ಶುಂಠಿ ಕಷಾಯ ಕುಡಿ ಎಂದು ಗುಂಪಿನಲ್ಲಿ ಹೇಳಿದವಳು ನಾನೇ.

ತಂಗಿ, "ನೀ ಅಂದಮ್ಯಾಲ ಇರಬೇಕು" ಎಂದಳು. ಸಂಜೆ ಗುಂಪಿನಲ್ಲಿ ವನದುರ್ಗದವಳ ದನಿ ಬಂತು. ಹಿಂದೆ ಗಾಳಿ ಇರಲಿಲ್ಲ, ಮನೆಯೊಳಗಿಂದಲೇ ಮಾತಾಡಿದ್ದಳು. "ನಾ ಅಲ್ರೀ ಅಕ್ಕಾರ. ನನ್ನ ಕೂಸಿನ ಆಣಿ ಮಾಡಿ ಹೇಳ್ತೀನಿ, ನಾ ಅಲ್ರಿ." ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳನ್ನು ಗುಂಪಿನಿಂದ ತೆಗೆದ ಸಾಲು ಕಾಣಿಸಿತು. ಅಷ್ಟನ್ನು ನಾನು ಬೆರಳಿಡದೆ ಓದಿದೆ.

ಕಂಪನಿಯವರು ಈ ಸಲ ಹೆಸರುಗಳನ್ನೂ ತೆಗೆದುಕೊಂಡು ಮತ್ತೆ ಎಲ್ಲರ ದನಿ ಕೇಳಿ ನೋಡಿದರು. ಎರಡು ದನಿ ಇದ್ದದ್ದು ನನ್ನ ಹೆಸರಿನಲ್ಲಿ. ತನ್ನ ಅಕ್ಕನನ್ನು ಉಳಿಸಲು ಮುಂದಾಳು ಇನ್ನೊಬ್ಬಳನ್ನು ಮುಂದೆ ತಳ್ಳಿದ್ದಾಳೆ ಎಂದು ಅವರು ತಿಳಿದರು. ಬೇರೆ ಏನೆಂದು ತಿಳಿಯಬೇಕಿತ್ತು? ತಂಗಿಯನ್ನು ತೆಗೆದರು, ನಮ್ಮ ಗುಂಪಿನ ಕೆಲಸವನ್ನೂ ನಿಲ್ಲಿಸಿದರು. ಯಾಕೆ ನಿಂತಿತು ಎಂದು ಉಳಿದವರಿಗೆ ಯಾರೂ ಹೇಳಲಿಲ್ಲ. ವನದುರ್ಗದವಳಿಂದಲೇ ನಿಂತಿತು ಎಂದು ಅವರು ಅಂದುಕೊಂಡರು.

ಆ ದಿನ ತಂಗಿ ಫೋನು ಮಾಡಿ ಒಂದೇ ಮಾತು ಕೇಳಿದಳು. "ಅಕ್ಕಾ, ಅದು ನೀ ಏನು?"

ಅಂಗಳದಲ್ಲಿ ಕೋಳಿ ಕೂಗಿತು. ಅದು ಅವಳಿಗೂ ಕೇಳಿಸಿರಬೇಕು. ಫೋನು ಇಟ್ಟುಬಿಟ್ಟಳು.

ಅದಾದ ಮೇಲೆ ಅವಳು ನನ್ನೊಂದಿಗೆ ಜಗಳವಾಡಲಿಲ್ಲ. ಹಬ್ಬಕ್ಕೆ ಕರೆದರೆ "ನೋಡೂಣು" ಎನ್ನುತ್ತಿದ್ದಳು, ಬರುತ್ತಿರಲಿಲ್ಲ. ಆರಾಮ ಇದ್ದೀಯಾ ಎಂದರೆ "ಹೂಂ" ಎನ್ನುತ್ತಿದ್ದಳು. ಒಂದು ಬಟ್ಟೆ ಅಂಗಡಿ ಸೇರಿ ನಿಂತುಕೊಂಡೇ ಸೀರೆ ತೋರಿಸುವ ಕೆಲಸ ಮಾಡುತ್ತಿದ್ದಾಳೆ ಎಂದು ಬೇರೆಯವರಿಂದ ಗೊತ್ತಾಯಿತು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಮುಂಜಾನೆಯ ಹೊತ್ತಿಗೆ ಫೋನು ತೆರೆದು ನೋಡುವ ಚಾಳಿ ಮಾತ್ರ ಉಳಿಯಿತು. ಗುಂಪು ಹಾಗೇ ಇತ್ತು, ಯಾರೂ ಮಾತಾಡುತ್ತಿರಲಿಲ್ಲ. ಪಕ್ಕದ ಸೊಸೆ ಒಮ್ಮೆ ಬಂದು, "ಚಿಗವ್ವಾ, ಓದೂದು ನಿಂತೇ ಹೋತೇನ?" ಎಂದು ಕೇಳಿದಳು. ಕೆಲಸ ಮುಗಿಯಿತು ಎಂದೆ. ಅವಳಿಗೂ ನಿಜ ಹೇಳಲಿಲ್ಲ.

ಮುಂದಿನ ಹತ್ತಿಯ ಕಾಲಕ್ಕೆ ಸೊಂಟ ಸ್ವಲ್ಪ ಸರಿಹೋಗಿ ಮತ್ತೆ ಹೊಲಕ್ಕೆ ಇಳಿದೆ. ಒಂದು ದಿನ ನನ್ನ ಸಾಲು ಹಿಂದೆ ಬಿತ್ತು. ಮುಂದೆ ಹೋದ ಹೆಂಗಸೊಬ್ಬಳು ತಿರುಗಿ ಬಂದು, ಏನೂ ಅನ್ನದೆ ನನ್ನ ಎದುರಿನಿಂದ ಬಿಡಿಸತೊಡಗಿದಳು. ನನಗೆ ಅಳು ಬಂತು. "ಸೊಂಟ ನೋಯ್ತದೇನಬೇ?" ಎಂದಳು. ಹೌದು ಎಂದೆ. ಅದೂ ಸುಳ್ಳು. ಮರುದಿನ ಹೊಲಕ್ಕೆ ಹೋಗದೆ ಶಹಾಪುರದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಮಾತನ್ನು ಜೋಡಿಸಿಕೊಂಡೆ. ಭೀಮರಾಯನಗುಡಿಯಲ್ಲಿ ಕಾಲೇಜಿನ ಹುಡುಗಿಯರು ಗಲಗಲ ಮಾತಾಡುತ್ತಾ ಹತ್ತಿದರು. ಅಲ್ಲಿಯವರೆಗೆ ಜೋಡಿಸಿದ್ದೆಲ್ಲ ಮರೆತುಹೋಯಿತು.

ತಂಗಿಗೆ ಅಂದು ಅಂಗಡಿಯ ರಜೆ. ಅಡುಗೆಮನೆಯಲ್ಲಿ ಕುಳಿತು ಪುಂಡಿಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನೀರು ತಂದುಕೊಟ್ಟಳು. ಮತ್ತೆ ಕುಳಿತು ಸೋಸತೊಡಗಿದಳು. ನಾನು ಎದುರಿಗೆ ಕುಳಿತು ಸೊಪ್ಪಿಗೆ ಕೈ ಹಾಕಿದೆ. ಅವಳ ಪಾದಗಳು ಊದಿದ್ದವು.

"ನಂದು ತಪ್ಪಾಗ್ಯದ ತಂಗೀ" ಎಂದೆ.

ಅವಳು ತಲೆ ಎತ್ತಲಿಲ್ಲ. "ಗೊತ್ತದ."

"ನನಗ ಓದಾಕ ಬರ್ತಿದ್ದಿಲ್ಲ. ನಿನ್ನ ಮುಂದ ಹೇಳಾಕ ನಾಚಿಕಿ ಬಂತು."

"ನಾನೇ ನಿನ್ನ ಪಾಲು ಓದ್ತಿದ್ನಲ್ಲೇ, ನನ್ನ ಹೆಸರಿಗೆ ಹಾಕ್ಕೊಂಡು. ನಿನಗ ಬರೀ ಚಿತ್ರ ಕೊಡ್ರಿ ಅಂತ ಮ್ಯಾಲಿನವ್ರಿಗೆ ಕೇಳ್ತಿದ್ದೆ. ಒಂದು ಮಾತು ಅಂದಿದ್ರ ಆಗ್ತಿತ್ತು." ಅವಳ ಕೈಯಲ್ಲಿದ್ದ ಕಡ್ಡಿ ಮುರಿಯಿತು. "ನೀ ಓದಿಲ್ಲ ಅಂತ ನನಗ ಯಾವತ್ತರೆ ಕಡಿಮಿ ಅನ್ಸೇದೇನು? ನೀ ಯಾಕ ಓದಿಲ್ಲ ಅಂಬೂದು ನನಗ ಗೊತ್ತಿಲ್ಲೇನು?"

ನಾನು ಮುರಿದ ಕಡ್ಡಿಯನ್ನು ಹೆಕ್ಕಿ ಪಕ್ಕಕ್ಕೆ ಇಟ್ಟೆ.

"ನನ್ನ ಕೆಲಸ ಹೋತು, ಹೋಗ್ಲಿ. ನಾ ವನದುರ್ಗಕ್ಕ ಹೋಗಿದ್ದೆ, ಗೊತ್ತದೇನು? ಆಕಿನ ಭೆಟ್ಟಿ ಆಗಾಕ ಬಿಡಲಿಲ್ಲ. ಗಂಡ ಬಾಗಲದಾಗ ನಿಂತಿದ್ದ. ಫೋನಿನ್ಯಾಗ ಏನೋ ಖೊಟ್ಟಿ ಮಾಡ್ಯಾಳ ಅಂತ ಅವತ್ತೇ ಫೋನ್ ಕಸಗೊಂಡಾರ. ಆಕಿಂದು ತಪ್ಪಿಲ್ಲ ಅಂದೆ. ಮತ್ತ ಯಾರದು, ಹೆಸರು ಹೇಳ್ರಿ ಅಂದ." ಈಗ ಅವಳು ನನ್ನನ್ನು ನೋಡಿದಳು. "ನನ್ನ ಎತ್ತಿ ಆಡ್ಸಿದಾಕಿ ಹೆಸರು ನನ್ನ ಬಾಯಿಲೆ ಬರಲಿಲ್ಲ ಅಕ್ಕಾ. ತಿರುಗಿ ಬಂದೆ."

"ನಾನು ಹೋಗಿ ಆಕಿ ಕಾಲು ಹಿಡೀತೀನಿ."

"ಒಬ್ಬಾಕಿ ಕಾಲು ಹಿಡದ್ರ ಉಳದವ್ರಿಗೆ ತಿಳೀತದೇನು? ಯಾದಗಿರಿದಾಕಿ ಇವತ್ತಿಗೂ ಆಕಿನ್ನ ಕಳ್ಳಿ ಅಂತಾಳ. ನಾ ಗುಂಪಿನ್ಯಾಗ ಕೇಳಿದ್ದೆ. ಗುಂಪಿನ್ಯಾಗ ಹೇಳು."

ಸೆರಗಿಗೆ ಕೈ ಒರೆಸಿಕೊಂಡು ಅವಳು ತನ್ನ ಫೋನು ತೆಗೆದಳು. ಹಳೆಯ ಗುಂಪಿಗೆ ವನದುರ್ಗದ ಆ ನಂಬರನ್ನು ಮತ್ತೆ ಸೇರಿಸಿದಳು. ನನ್ನ ಫೋನು ಸೆರಗಿನ ಗಂಟಿನಲ್ಲಿ ಒಮ್ಮೆ ನಡುಗಿತು.

"ಫೋನು ಆಕಿ ಗಂಡನ ಕೈಯಾಗ ಅದ ಅಂತಿದ್ದಿ" ಎಂದೆ.

"ಹೌದು. ಅಂವನೂ ಕೇಳ್ಬೇಕಲ್ಲ."

ನಾನು ಫೋನು ಬಾಯಿಯ ಹತ್ತಿರ ಹಿಡಿದು ಒತ್ತಿದೆ. ಮೊದಲು ಬಂದದ್ದು ಫೋನಿನಲ್ಲಿ ಬರುತ್ತಿದ್ದ ಸಾಲುಗಳಂಥ ಮಾತು. "ದಯವಿಟ್ಟು ಎಲ್ಲರೂ ನನ್ನನ್ನು ಕ್ಷಮಿಸಬೇಕು" ಎಂದುಬಿಟ್ಟೆ. ತಂಗಿ ಕೈ ಚಾಚಿ, ಅದು ಹೋಗುವ ಮೊದಲೇ ಅಳಿಸಿದಳು. ಪುಂಡಿಪಲ್ಲೆಯ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಾಳೇನೋ ಅಂದುಕೊಂಡೆ. ಹೋಗಲಿಲ್ಲ, ಅಲ್ಲೇ ಕುಳಿತಳು. ಹೊರಗೆ ಯಾರೋ ಗಾಡಿ ಶುರು ಮಾಡುತ್ತಿದ್ದರು. ಆ ಸದ್ದು ನಿಲ್ಲಲೆಂದು ನಾನು ಕಾಯಲಿಲ್ಲ. ಮತ್ತೆ ಒತ್ತಿದೆ.

"ನಾ ಸುರಪುರದಾಕಿ ಮಾತಾಡಾಕತ್ತೀನ್ರಿ. ನನ್ನ ಹೆಸರಿಲೆ ಎರಡು ದನಿ ಇದ್ದದ್ದು ಖರೇ. ಪಕ್ಕದ ಮನಿ ಹುಡಿಗಿ ಕಡಿಂದ ಓದ್ಸಿದಾಕಿ ನಾನು. ಆಕಿದೇನೂ ತಪ್ಪಿಲ್ಲ. ತಂಗಿ ಕೇಳಿದಾಗ ನಾ ಬಾಯಿ ಬಿಡಲಿಲ್ಲ, ಮ್ಯಾಲ ವನದುರ್ಗದಾಕಿ ಹೆಸರು ಹೇಳಿದೆ. ಆಕಿಗಿ ನೆಗಡಿ ಆಗಿತ್ತು, ಅದು ನನಗ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ನನ್ನ ತಂಗಿಗೆ ಇದ್ಯಾವದೂ ಗೊತ್ತಿದ್ದಿಲ್ರಿ, ಆಕಿ ನನ್ನ ಮಾತು ನಂಬಿ ಕೆಟ್ಟಳು. ವನದುರ್ಗದ ಅಣ್ಣಾರ, ಈ ಫೋನು ನಿಮ್ಮ ಕೈಯಾಗ ಅದಂತ. ನಿಮ್ಮ ಹೆಣ್ತಿ ಕೂಸಿನ ಆಣಿ ಮಾಡಿ ಹೇಳಿದ್ದು ಖರೇ ಅದರಿ. ಇದ್ನ ಆಕಿ ಕೈಯಾಗ ಕೊಟ್ಟು ಕೇಳಸ್ರಿ. ಏ ಗಾಳೆವ್ವಾ, ನಿಂದೇನೂ ಇಲ್ಲ. ಎಲ್ಲಾ ನಂದು. ನಂದು ತಪ್ಪಾಗ್ಯದ."